ಹರಳಯ್ಯನವರ ಪಾತ್ರ ಯಾರಿಗೆ?



ಒಂದು ವಚನವನ್ನು ಎತ್ತಿಕೊಂಡು, ಅದರ ಪದಾರ್ಥ, ಭಾವಾರ್ಥ, ಅನುಸಂಧಾನಗಳನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದು ನನ್ನ ವಾಡಿಕೆ. ಈ ಸಲ ವಚನದ ಬದಲು ನನ್ನಿಂದಲೇ ನಡೆದ ಒಂದು ತಪ್ಪನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ. ಪೂಜ್ಯರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಶರಣರು ತಮ್ಮ ಮನಸ್ಸಿನ ಕೊಳೆಯನ್ನು ಸಭೆಯ ಮುಂದೆಯೇ ತೊಳೆದುಕೊಂಡವರು. ಅವರ ಮಾತುಗಳನ್ನು ವ್ಯಾಖ್ಯಾನಿಸಿ ಅನ್ನ ತಿನ್ನುವವನಿಗೆ ಅಷ್ಟಾದರೂ ಧೈರ್ಯ ಇರಬೇಕಲ್ಲವೆ?

ಕಳೆದ ಜನವರಿಯ ಮಾತು. ಸಿದ್ದರಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ರಾಗಿಯ ಒಕ್ಕಣೆ ಮುಗಿಯುತ್ತ ಬಂದಿತ್ತು. ಸಂತೆಯಲ್ಲಿ ಅವರೆಕಾಯಿಯ ಸೊಗಡು ತುಂಬಿತ್ತು. ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆಯ ಮಕ್ಕಳು ಇದ್ದಾರೆ. ಗಣರಾಜ್ಯೋತ್ಸವದಂದು ಈ ಮಕ್ಕಳಿಂದ ‘ಅನುಭವ ಮಂಟಪ’ವೆಂಬ ಚಿಕ್ಕ ರೂಪಕವನ್ನು ಆಡಿಸಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಸಾಹಿತ್ಯ ಬರೆಯುವ ಹೊಣೆಯೂ ಪಾತ್ರ ಹಂಚುವ ಹೊಣೆಯೂ ನನ್ನ ಪಾಲಿಗೆ ಬಂದವು. ಕನ್ನಡ ಎಂ.ಎ. ಮಾಡಿದವನು ನಾನೊಬ್ಬನೇ ಎಂಬ ಕಾರಣಕ್ಕೆ ಮಠದಲ್ಲಿ ಇಂಥ ಕೆಲಸಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

2020ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಸಾಗಿದ್ದು ಅನುಭವ ಮಂಟಪವೇ. ಅಂದು ರಾಜಪಥವೆಂದೂ 2022ರಿಂದ ಕರ್ತವ್ಯಪಥವೆಂದೂ ಕರೆಯಲ್ಪಡುವ ಆ ಹಾದಿಯಲ್ಲಿ ಬಸವಣ್ಣನವರ ಮೂರ್ತಿ ಸಾಗಿದ್ದನ್ನು ಟಿ.ವಿ.ಯಲ್ಲಿ ಕಂಡು ರೋಮಾಂಚನಗೊಂಡ ನೆನಪು ನನಗಿನ್ನೂ ಇದೆ. ಆ ನೆನಪಿನ ಹುರುಪಿನಲ್ಲೇ ರೂಪಕದ ಮೊದಲ ಸಾಲನ್ನು ಬರೆದೆ. ಅನುಭವ ಮಂಟಪವು ಜಗತ್ತಿನ ಮೊಟ್ಟಮೊದಲ ಸಂಸತ್ತು ಎಂಬುದೇ ಆ ಸಾಲಿನ ತಾತ್ಪರ್ಯ. ಅನೇಕ ವೇದಿಕೆಗಳಲ್ಲಿ ನಾನೇ ಆಡಿದ್ದ ಮಾತು ಅದು.

ಮೊದಲ ದಿನದ ಅಭ್ಯಾಸದಲ್ಲೇ ಎಂಟನೆಯ ತರಗತಿಯ ಹುಡುಗನೊಬ್ಬ ಕೈ ಎತ್ತಿದ. “ಸಾರ್, ಅಲ್ಲಿಗೆ ಓಟು ಹಾಕಿ ಕಳಿಸ್ತಿದ್ರಾ?” ಉಳಿದವರು ನಕ್ಕರು. ನಾನೂ ನಕ್ಕು ಮಾತು ತೇಲಿಸಿಬಿಟ್ಟೆ. ಆದರೆ ರಾತ್ರಿ ಶಿವಪೂಜೆಗೆ ಕುಳಿತಾಗ ಆ ಪ್ರಶ್ನೆ ಕಣ್ಣ ಮುಂದೆ ಬಂದು ನಿಂತಿತು.

ಬಂಧುಗಳೇ, ನಾನು ಓದಿ ತಿಳಿದಿರುವುದನ್ನು ಸರಳವಾಗಿ ನಿವೇದಿಸುತ್ತೇನೆ. ಬಸವಣ್ಣನವರು 12ನೆಯ ಶತಮಾನದವರು. ಅವರ ಹೆಸರನ್ನು ಹೇಳುವ ಪ್ರಸಿದ್ಧ ಶಾಸನ ಬೆಳಗಾವಿ ಜಿಲ್ಲೆಯ ಅರ್ಜುನವಾಡದ್ದು. ಅದರ ಕಾಲ 1260. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಆಧರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, ಇವೆಲ್ಲವೂ ಕಲ್ಯಾಣದ ತರುವಾಯ ಬಂದ ನೆನಪುಗಳು. ಅಲ್ಲಮಪ್ರಭುಗಳು ಶೂನ್ಯಪೀಠದ ಮೇಲೆ ಕುಳಿತು, ಶರಣರು ಒಬ್ಬೊಬ್ಬರಾಗಿ ಬಂದು ಸಂವಾದಿಸುವ ಆ ಭವ್ಯ ದೃಶ್ಯವನ್ನು ನಮ್ಮ ಕಣ್ಣಿಗೆ ಕಟ್ಟಿಕೊಟ್ಟದ್ದು ಶೂನ್ಯಸಂಪಾದನೆ. ಅದನ್ನು ಮೊದಲು ಸಂಕಲಿಸಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಅದೇ ಕೃತಿಯ ಇನ್ನೊಂದು ಪರಿಷ್ಕರಣ ಗೂಳೂರು ಸಿದ್ಧವೀರಣ್ಣೊಡೆಯರದು. ಗೂಳೂರು ದೂರದ ಊರಲ್ಲ, ನಮ್ಮ ತುಮಕೂರಿನ ಮಗ್ಗುಲಲ್ಲೇ ಇರುವ ಊರು. ಏಳುನೂರೊಂದು ವಚನಗಳನ್ನು ರಚಿಸಿದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇರುವ ಎಡೆಯೂರು ಕೂಡ ನಮ್ಮ ಜಿಲ್ಲೆಯದೇ. ಕಲ್ಯಾಣದಿಂದ ಚದುರಿದ ಮಾತುಗಳನ್ನು ಹೆಕ್ಕಿ ಪೋಣಿಸಿದ ಕೈಗಳಲ್ಲಿ ಕೆಲವು ಈ ನೆಲದವು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಹಾಗೆ ನೋಡಿದರೆ ಹುಡುಗನ ಪ್ರಶ್ನೆಗೆ ಉತ್ತರ ಸ್ಪಷ್ಟ. ಅಲ್ಲಿಗೆ ಯಾರನ್ನೂ ಓಟು ಹಾಕಿ ಕಳಿಸುತ್ತಿರಲಿಲ್ಲ. ಅಲ್ಲಿ ಕಾಯಿದೆಯಾಗಲಿ ಕಂದಾಯದ ಲೆಕ್ಕವಾಗಲಿ ಮಂಡನೆಯಾಗುತ್ತಿರಲಿಲ್ಲ. ಅರಸೊತ್ತಿಗೆ ಬಿಜ್ಜಳನದೇ ಆಗಿತ್ತು. ಸಂಸತ್ತು ಎಂಬ ಮಾತನ್ನು ನಾವು ಗೌರವಕ್ಕಾಗಿ ತೊಡಿಸಿದ್ದೇವೆ. ಆದರೆ ತೊಡಿಸಿದ ಅಂಗಿ ಒಳಗಿನ ದೇಹವನ್ನು ಮರೆಸಬಾರದು. ಆ ದೇಹ ಯಾವುದು? ಪ್ರಶ್ನೆ ಕೇಳುವ ಹಕ್ಕು. ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನವರನ್ನು ಲಕ್ಕಮ್ಮನವರು ತಡೆದು ಪ್ರಶ್ನಿಸುತ್ತಾರೆ. ಅಕ್ಕಮಹಾದೇವಿಯವರನ್ನು ಪ್ರಭುಗಳು ಪ್ರಶ್ನಿಸುತ್ತಾರೆ, ಅಕ್ಕ ಅಳುಕದೆ ಉತ್ತರ ಕೊಡುತ್ತಾರೆ. ದೊಡ್ಡವರೆಂಬ ಕಾರಣಕ್ಕೆ ಯಾರಿಗೂ ಅಲ್ಲಿ ವಿನಾಯಿತಿಯಿಲ್ಲ. ಚುನಾವಣೆಯಿಲ್ಲದ ಆ ಸಭೆಯಲ್ಲಿ, ಚುನಾವಣೆಯಿರುವ ನಮ್ಮ ಅನೇಕ ಸಭೆಗಳಲ್ಲಿ ಕಾಣದ ಗುಣವೊಂದು ಇತ್ತು. ಮರುದಿನ ಮೊದಲ ಸಾಲನ್ನು ಹೊಡೆದುಹಾಕಿ, ಈ ಮಾತನ್ನು ಬರೆದುಕೊಂಡೆ.

ಈ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ಅವರು ನೆನಪಾಗುತ್ತಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು ಬೌದ್ಧ ಭಿಕ್ಷು ಸಂಘಗಳನ್ನು ಸ್ಮರಿಸಿಕೊಂಡರು. ಸಭಾ ನಡವಳಿಕೆಯ ನಿಯಮಗಳು ಆ ಸಂಘಗಳಿಗೆ ತಿಳಿದಿದ್ದವು ಎಂದು ಅವರು ತೋರಿಸಿದ್ದು ಹಿರಿಮೆಯನ್ನು ಕೊಚ್ಚಿಕೊಳ್ಳಲು ಅಲ್ಲ. ಹಿಂದೊಮ್ಮೆ ಆ ಪದ್ಧತಿಯನ್ನು ಕಳೆದುಕೊಂಡ ನಾವು ಮತ್ತೊಮ್ಮೆ ಕಳೆದುಕೊಳ್ಳುತ್ತೇವೆಯೇ ಎಂದು ಕೇಳಲು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ 1950ರ ಜನವರಿ 26ರಂದು ದೇಶ ಕಾಲಿಡಲಿದೆ ಎಂದೂ ಅದೇ ಭಾಷಣದಲ್ಲಿ ಎಚ್ಚರಿಸಿದರು. ಹಿಂದಿನದನ್ನು ನೆನೆಯುವ ಬಗೆ ಹೀಗಿರಬೇಕು. ನೆನಪು ನಮ್ಮ ಬೆನ್ನು ತಟ್ಟುವುದಕ್ಕಿಂತ ನಮ್ಮನ್ನು ಕೇಳುವುದು ಹೆಚ್ಚಾಗಬೇಕು.

ನಮ್ಮ ಕಾಲವು ಕಲ್ಯಾಣವನ್ನು ಎಷ್ಟು ಬಗೆಯಾಗಿ ನೆನೆದಿದೆ ನೋಡಿ! ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ಹರ್ಡೇಕರ್ ಮಂಜಪ್ಪನವರು ದಾವಣಗೆರೆಯಲ್ಲಿ ಆರಂಭಿಸಿದ್ದು 1913ರಲ್ಲಿ. ಸ್ವದೇಶಿ ಚಳವಳಿಯ ಗಾಳಿಯಲ್ಲಿ ಬೆಳೆದ ಅವರಿಗೆ ಬಸವಣ್ಣನವರ ಸ್ಮರಣೆಯೂ ದೇಶಸೇವೆಯೂ ಬೇರೆಬೇರೆಯಾಗಿ ಕಾಣಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರು ಅಂದು ಕೊಟ್ಟ ಬೆವರಿಲ್ಲದಿದ್ದರೆ, ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವೂ ಇರುತ್ತಿರಲಿಲ್ಲ, ಅದನ್ನು ಓದಿ ಎಂ.ಎ. ಮಾಡಿದ ನಾನೂ ಇರುತ್ತಿರಲಿಲ್ಲ.

ಕಲೆಗಳ ಮಾತೂ ಹಾಗೆಯೇ. ಬಸವಣ್ಣನವರ ಕಾಲದ ಭಾವಚಿತ್ರ ಯಾವುದೂ ನಮ್ಮಲ್ಲಿಲ್ಲ. ನಾವು ಕಣ್ಣುಮುಚ್ಚಿದಾಗ ಕಾಣುವ ಆ ಮುಖ ಕ್ಯಾಲೆಂಡರು, ರಂಗಭೂಮಿ, ಸಿನಿಮಾಗಳು ಕೊಟ್ಟದ್ದು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾದರು, ರಾಜಕುಮಾರ್ ಬಿಜ್ಜಳನಾದರು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಶಿವಭಕ್ತರ ಕಥೆಗಳನ್ನು ಊರೂರಿಗೆ ಹೊತ್ತು ತಿರುಗಿತು. ಬೇಡರ ಕಣ್ಣಪ್ಪನ ಕಥೆ ಅಲ್ಲಿಂದಲೇ 1954ರಲ್ಲಿ ಬೆಳ್ಳಿತೆರೆಗೆ ಏರಿತು. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ವಚನ ಕೇಳಿದವರಿಗೆ ಅದು ಕಲ್ಯಾಣದಿಂದಲೇ ನೇರವಾಗಿ ಬಂದ ದನಿಯೆನ್ನಿಸುತ್ತದೆ. ಆದರೆ ಹಿಂದೂಸ್ತಾನಿ ರಾಗಗಳಲ್ಲಿ ನಾವಿಂದು ಹಾಡಿಕೊಳ್ಳುವ ಆ ಧಾಟಿಗಳು ಬಹುಪಾಲು ಕಳೆದ ನೂರು ವರ್ಷಗಳ ಗಾಯಕರ ಕಾಣಿಕೆ. ಅದರಿಂದ ವಚನದ ಸತ್ಯಕ್ಕೆ ಕುಂದಿಲ್ಲ. ಹಳೆಯ ಬೀಜ ಹೊಸ ಮಣ್ಣಿನಲ್ಲಿ ಮೊಳೆತಿದೆ, ಅಷ್ಟೆ.

1967ರಲ್ಲಿ ಅಂಚೆಚೀಟಿ ಬಂತು. 2003ರಲ್ಲಿ ಸಂಸತ್ ಭವನದ ಆವರಣದಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಮತ್ತೊಂದು ಪ್ರತಿಮೆಯನ್ನು ಅನಾವರಣ ಮಾಡಿದರು. 2020ರ ಡಿಸೆಂಬರ್‌ನಲ್ಲಿ ಹೊಸ ಸಂಸತ್ ಭವನದ ಶಂಕುಸ್ಥಾಪನೆಯ ಭಾಷಣದಲ್ಲಿ ಅನುಭವ ಮಂಟಪದ ಸ್ಮರಣೆಯಾಯಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಬೇರೆಬೇರೆ ಪಕ್ಷದವರು, ಬೇರೆಬೇರೆ ನಂಬಿಕೆಯವರು ಒಬ್ಬರಾದ ಮೇಲೊಬ್ಬರಂತೆ ಅದೇ ಪಾದಕ್ಕೆ ಹೂವೇರಿಸಿದ್ದಾರೆ. ಸಂತೋಷ. ಆದರೆ ಹೂವೇರಿಸಿದ ಕೈ ಮರುಗಳಿಗೆಯಲ್ಲಿ ಏನು ಮಾಡುತ್ತದೆ? ನನ್ನ ಕೈ ಏನು ಮಾಡಿತೆಂಬುದನ್ನು ಈಗ ಹೇಳುತ್ತೇನೆ.

ಪಾತ್ರ ಹಂಚುವ ದಿನ ನಾನು ಹಾಜರಿ ಪುಸ್ತಕ ತೆರೆದು ಕುಳಿತೆ. ಬಸವಣ್ಣನವರ ಪಾತ್ರಕ್ಕೆ ಲಕ್ಷಣವಾದ, ಚೆನ್ನಾಗಿ ಮಾತಾಡುವ ಒಬ್ಬ ಹುಡುಗ. ಅಲ್ಲಮರಿಗೆ ಎತ್ತರದ ಒಬ್ಬ. ಡೋಹರ ಕಕ್ಕಯ್ಯನವರ ಪಾತ್ರಕ್ಕೆ ಆರಿಸಿದ್ದ ಹುಡುಗನ ತಂದೆ ಮರುದಿನವೇ ಮಠಕ್ಕೆ ಬಂದರು. ಅನುಕೂಲಸ್ಥರು, ಸದ್ಭಕ್ತರು, ವರ್ಷಕ್ಕೊಮ್ಮೆ ದಾಸೋಹಕ್ಕೆ ಮೂಟೆಗಟ್ಟಲೆ ರಾಗಿ ಕಳಿಸುವವರು. “ಬೇರೆ ಯಾವ್ದಾದ್ರೂ ಪಾತ್ರ ಕೊಡಿ ಮೇಷ್ಟ್ರೇ, ಮನೇಲಿ ಅವರಜ್ಜಿ ನೊಂದ್ಕೋತಾರೆ” ಎಂದರು. ನಾನು ಎರಡು ಮಾತಾಡದೆ ಆ ಹುಡುಗನಿಗೆ ಚೆನ್ನಬಸವಣ್ಣನವರ ಪಾತ್ರ ಕೊಟ್ಟೆ.

ಸಮಗಾರ ಹರಳಯ್ಯನವರ ಪಾತ್ರವನ್ನು ಯಾರಿಗೆ ಕೊಟ್ಟಿದ್ದೆ? ಬೆಟ್ಟದ ತಪ್ಪಲಿನ ಹಳ್ಳಿಯೊಂದರ ಊರಾಚೆಯ ಕೇರಿಯಿಂದ ಬಂದಿದ್ದ ಹುಡುಗನಿಗೆ. ಅವನ ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾರೆ. ತಾತ ಊರಿನಲ್ಲಿ ಮೆಟ್ಟು ಹೊಲಿಯುತ್ತಿದ್ದವರು. ಆ ಹೊತ್ತಿನಲ್ಲಿ ನಾನು ಏನನ್ನೂ ಯೋಚಿಸಿರಲಿಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ನನ್ನ ಪೆನ್ನು ಆ ಹೆಸರಿನ ಮುಂದೆ ತಾನಾಗಿಯೇ ಹೋಗಿ ನಿಂತಿತ್ತು. ಯೋಚಿಸದೆ ನಡೆದದ್ದೇ ಹೆಚ್ಚು ಆಳದಲ್ಲಿರುವ ಕೊಳೆ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಪ್ರಸಾದಕ್ಕೆ ಓಡಿದರು. ಅವನೊಬ್ಬ ಉಳಿದ. ನೆಲ ನೋಡುತ್ತ ಕೇಳಿದ: “ಸಾ, ಹೋದ್ವರ್ಷ ಊರ ಇಸ್ಕೂಲ್ನಾಗೂ ನಾನೇ ಹರಳಯ್ಯ. ಯಾವಾಗ್ಲೂ ನಾವೇ ಯಾಕ್ ಸಾ ಆಗ್ಬೇಕು?”

ಬಂಧುಗಳೇ, ಬಸವಣ್ಣನವರ ಒಂದು ವಚನ ತಮಗೆಲ್ಲ ಗೊತ್ತಿದೆ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಅವರು ಅದರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಯ ಆಳುಕಾಳುಗಳ ಸಂತಾನ ತಾನೆಂದು ಹೇಳಿಕೊಳ್ಳುತ್ತಾರೆ. ಆ ವಚನದ ಮೇಲೆ ನಾನು ಮೂರು ಸಲ ಉಪನ್ಯಾಸ ಮಾಡಿದ್ದೇನೆ. ಅದರ ವಿನಯವನ್ನೂ ಅಲಂಕಾರವನ್ನೂ ಬಣ್ಣಿಸಿದ್ದೇನೆ. ಅದರ ತಿರುಳು ಮಾತ್ರ ಆ ಮಗುವಿನ ಎದುರು ಕುಳಿತಾಗ ತಿಳಿಯಿತು. ಬಸವಣ್ಣನವರು ಪಾತ್ರವನ್ನು ಬದಲಿಸಿಕೊಂಡಿದ್ದರು. ಹುಟ್ಟು ಕೊಟ್ಟ ಪಾತ್ರವನ್ನು ಬಿಟ್ಟು, ತಾವಾಗಿ ಆರಿಸಿಕೊಂಡ ಕುಲಕ್ಕೆ ಸೇರಿದ್ದರು. ನಾನು ಅದೇ ಕಥೆಯನ್ನು ರಂಗಕ್ಕೇರಿಸುತ್ತ, ಹುಟ್ಟನ್ನು ನೋಡಿ ಪಾತ್ರ ಹಂಚಿದ್ದೆ. ಅನುಕೂಲಸ್ಥ ಭಕ್ತರು ಕೇಳಿದಾಗ ಒಂದು ಮಾತಿಗೆ ಪಾತ್ರ ಬದಲಾಯಿತು. ಈ ಹುಡುಗನನ್ನು ನಾನು ಮೊದಲು ಕೇಳಲೂ ಇಲ್ಲ. ಗಣರಾಜ್ಯದ ಹಬ್ಬಕ್ಕೆಂದು ಸಿದ್ಧವಾಗುತ್ತಿದ್ದ ರೂಪಕ ಅದು! ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೆಯ ವಿಧಿ ಇರುವ ಸಂವಿಧಾನದ ಹಬ್ಬ!

ಸಂಜೆ ಪೂಜ್ಯರ ಸನ್ನಿಧಿಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದೆ. ಪೂಜ್ಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹರಳಯ್ಯನವರ ಪಾತ್ರ ಸಣ್ಣದೇನಪ್ಪ?”

“ಇಲ್ಲ ಬುದ್ಧಿ.”

“ಹಾಗಾದ್ರೆ ನೀನೇ ಮಾಡು.”

ಅಷ್ಟೇ ಅಪ್ಪಣೆ. ಮರುದಿನ ಹುಡುಗನನ್ನು ಕರೆದು, “ಬಸವಣ್ಣನವರ ಪಾತ್ರ ಬೇಕೇನಪ್ಪ?” ಎಂದೆ. ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿ ಅವನು ಹೂಂ ಎನ್ನುವನೆಂದೇ ತಿಳಿದಿದ್ದೆ. ಅವನು ತಲೆಯಾಡಿಸಿ, “ಬ್ಯಾಡ ಸಾ, ಬಿಜ್ಜಳ ಕೊಡಿ. ಕಿರೀಟ, ಕತ್ತಿ ಎರಡೂ ಐತೆ” ಎಂದ. ನನಗೆ ನಗು ಬಂತು, ಕಣ್ಣೂ ತುಂಬಿತು. ನಾನು ಅವನನ್ನು ಮತ್ತೊಂದು ಆದರ್ಶದ ಚೌಕಟ್ಟಿಗೆ ಕೂರಿಸಹೊರಟಿದ್ದೆ. ಅವನಿಗೆ ಬೇಕಿದ್ದದ್ದು ಎಲ್ಲ ಮಕ್ಕಳಿಗೂ ಬೇಕಿರುವ ಕಿರೀಟ, ಕತ್ತಿ. ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುವ ಅವಕಾಶ ಅವನಿಗೆ ಸಿಕ್ಕಿತು. ಸ್ವಾತಂತ್ರ್ಯವೆಂದರೆ ಮೊದಲು ಅದೇ ಅಲ್ಲವೆ? ಕಕ್ಕಯ್ಯನವರ ಪಾತ್ರದ ವಿಷಯವನ್ನೂ ನಾನು ಬಿಡಲಿಲ್ಲ. ಆ ಭಕ್ತರ ಮನೆಗೆ ಹೋಗಿ ಅಜ್ಜಿಯ ಎದುರು ಕುಳಿತು ಕಕ್ಕಯ್ಯನವರ ಹಿರಿಮೆಯನ್ನು ಹೇಳಿದೆ. ಅಜ್ಜಿ ಎಲ್ಲವನ್ನೂ ಕೇಳಿ, ವಿಭೂತಿ ಧರಿಸಿದ ಹಣೆಗೆ ಕೈಮುಗಿದು ಹಚ್ಚಿಕೊಂಡು, “ಅವ್ರು ದೊಡ್ಡೋರು ಕಣಪ್ಪ. ಆದ್ರೂ ನಮ್ಮ ಹುಡುಗಂಗೆ ಬ್ಯಾಡ” ಎಂದರು. ನಾನು ಸೋತು ಹಿಂದಿರುಗಿದೆ. ಆ ಪಾತ್ರವನ್ನು ಬೇರೊಬ್ಬ ಹುಡುಗ ತಾನಾಗಿ ಮುಂದೆ ಬಂದು ಮಾಡಿದ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಪೂಜಿಸುವುದಕ್ಕೂ ಪಾಲಿಸುವುದಕ್ಕೂ ನಡುವೆ ಇರುವ ಹಾದಿಯ ಉದ್ದವನ್ನು ಅಂದು ನಾನು ಅಳೆದೆ.

ನಮ್ಮ ಕಾಲದ ದೊಡ್ಡ ನಾಟಕಕಾರರು ಕಲ್ಯಾಣವನ್ನು ಬರಿಯ ಮೆರವಣಿಗೆಯ ಚಿತ್ರವಾಗಿ ಕಂಡಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1971ರಲ್ಲಿ ಲಂಕೇಶರು ‘ಸಂಕ್ರಾಂತಿ’ಯನ್ನು ಬರೆದರು. ಆಮೇಲೆ ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಬಂತು. 1990ರಲ್ಲಿ, ಮಂದಿರ ಮತ್ತು ಮಂಡಲದ ಗದ್ದಲದಲ್ಲಿ ದೇಶ ಕುದಿಯುತ್ತಿದ್ದಾಗ, ಗಿರೀಶ ಕಾರ್ನಾಡರ ‘ತಲೆದಂಡ’ ಪ್ರಕಟವಾಯಿತು. ಇವುಗಳಲ್ಲಿನ ಎಲ್ಲ ಚಿತ್ರಣವನ್ನೂ ಭಕ್ತರಾದ ನಾವು ಒಪ್ಪಬೇಕಿಲ್ಲ. ಆದರೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ, ಅದಕ್ಕಾಗಿ ಆ ಇಬ್ಬರು ತಂದೆಯರು ಅನುಭವಿಸಿದ ಎಳೆಹೂಟೆಯ ಶಿಕ್ಷೆ, ಹೊತ್ತಿ ಉರಿದ ಕಲ್ಯಾಣ, ಇವು ಮುಗಿದುಹೋದ ಕಥೆಯಲ್ಲವೆಂದು ಈ ನಾಟಕಗಳು ನೆನಪಿಸುತ್ತವೆ. ನಮ್ಮ ರೂಪಕದಲ್ಲಿ ನಾನು ಮದುವೆಯ ದೃಶ್ಯವನ್ನು ‘ಸಮಯದ ಅಭಾವ’ದಿಂದ ಬಿಟ್ಟಿದ್ದೆ. ಪೂಜ್ಯರ ಮಾತಿನ ನಂತರ ಅದನ್ನೂ ಸೇರಿಸಿದೆ.

ಗಣರಾಜ್ಯೋತ್ಸವದ ದಿನ ಬಂತು. ಧ್ವಜವಂದನೆ, ಸಂವಿಧಾನ ಪೀಠಿಕೆಯ ಓದು ಆದ ಮೇಲೆ ರೂಪಕ. ಮೂವತ್ತು ದಾಟಿದ ನಾನು ಮಕ್ಕಳ ನಡುವೆ ಹರಳಯ್ಯನವರಾಗಿ ಕುಳಿತೆ. ಕೈಯಲ್ಲಿ ಉಳಿ, ಮಡಿಲಲ್ಲಿ ತೊಗಲಿನ ತುಂಡು. ಬಸವಣ್ಣನವರು ಹಿಂದಿರುಗಿಸಿದ ‘ಶರಣು ಶರಣಾರ್ಥಿ’ಯ ಭಾರ ಇಳಿಸಿಕೊಳ್ಳಲು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಹೊಲಿದ ಕಥೆಯನ್ನು ಅಭಿನಯಿಸುವಾಗ ಸಭೆ ನಿಶ್ಶಬ್ದವಾಗಿತ್ತು. ಬಿಜ್ಜಳನಾದ ನಮ್ಮ ಹುಡುಗ ಗರ್ಜಿಸಿದ ಬಗೆಗೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತು.

ಕಾರ್ಯಕ್ರಮ ಮುಗಿದಾಗ ಅವನ ತಾತ ಗೇಟಿನ ಬಳಿ ನಿಂತಿದ್ದರು. ಪೆಂಡಾಲಿನ ಒಳಗೆ ಕುರ್ಚಿಗಳು ಖಾಲಿಯಿದ್ದರೂ ಅವರು ಒಳಗೆ ಬಂದಿರಲಿಲ್ಲ. ನಾನು ವೇಷ ಕಳಚದೆಯೇ ಹೋಗಿ, “ಒಳಗೆ ಬನ್ನಿ ಅಜ್ಜ, ಪ್ರಸಾದ ಮಾಡೋಣ” ಎಂದೆ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

“ಉಳಿ ಹಿಡಿಯಾದು ಹಂಗಲ್ಲ ಸ್ವಾಮಿ” ಎಂದರು.

ನನ್ನ ಕೈಯಿಂದ ಉಳಿ ತೆಗೆದುಕೊಂಡು, ಹಿಡಿಯನ್ನು ಅಂಗೈಯ ಗುಳಿಗೆ ಊರಿ, ತೋರುಬೆರಳನ್ನು ಮುಂದಕ್ಕೆ ಚಾಚಿ ತೋರಿಸಿದರು. ತೊಗಲಿನ ತುಂಡಿನಲ್ಲಿ ಒಂದೇ ಒತ್ತಿಗೆ ಅಚ್ಚುಕಟ್ಟಾದ ತೂತು ಬಿತ್ತು. ಆಮೇಲೆ ನನ್ನ ಕೈಗೆ ಕೊಟ್ಟು ಮಾಡಿಸಿದರು. ಮೂರನೆಯ ಸಲಕ್ಕೆ ಸರಿಯಾಯಿತು. ಎರಡು ವಾರ ಅಭ್ಯಾಸ ನಡೆಸಿದ್ದೆವು; ಹಾಡಿಗೆ, ವೇಷಕ್ಕೆ, ಬೆಳಕಿಗೆ ಬಲ್ಲವರನ್ನು ಕೇಳಿದ್ದೆವು. ಉಳಿ ಹಿಡಿಯುವುದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾದವರು ಊರಾಚೆಯ ಕೇರಿಯಲ್ಲೇ ಇದ್ದರು.

ಅಂದು ಅಜ್ಜನ ಪಕ್ಕದಲ್ಲೇ ಕುಳಿತು ಪ್ರಸಾದ ಸ್ವೀಕರಿಸಿದೆ. ಅವರು ಮೊದಲು ಪಂಕ್ತಿಯ ಕೊನೆಯಲ್ಲಿ ಕೂರಲು ಹೋದರು. ಮೊಮ್ಮಗನೇ ಕೈಹಿಡಿದು ನಡುವೆ ಕೂರಿಸಿದ. ಅವನ ತಲೆಯ ಮೇಲೆ ಇನ್ನೂ ಕಿರೀಟವಿತ್ತು.

ಸಿದ್ದರಬೆಟ್ಟದ ಗವಿಯೊಳಗೆ ಬಂಡೆಯ ನಡುವಿನಿಂದ ನೀರು ಜಿನುಗುತ್ತದೆ. ಸಿದ್ಧರು ತಪಗೈದರೆಂಬ ಆ ಬೆಟ್ಟ ಹತ್ತಿದ ಭಕ್ತರು ಅದನ್ನು ತೀರ್ಥವೆಂದು ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಆದರೆ ಬಾಯಾರಿದವನು ಕುಡಿದಾಗಲೇ ಅದು ನೀರು. ಕಲ್ಯಾಣದ ನೆನಪೂ ಹೀಗೆಯೇ ಎಂದು ನನಗೆ ತೋರುತ್ತದೆ. ನಾಡು, ದೇಶ ಅದನ್ನು ತಲೆಗೆ ಚಿಮುಕಿಸಿಕೊಂಡಿರುವುದು ಸಂತೋಷವೇ. ನಮ್ಮ ಊರಿನ ಪಂಕ್ತಿಯಲ್ಲಿ, ನಮ್ಮ ಹಾಜರಿ ಪುಸ್ತಕದಲ್ಲಿ ಅದನ್ನು ಕುಡಿಯುವುದು ಇನ್ನೂ ಉಳಿದಿದೆ.

ಮುಂದಿನ ಬಸವ ಜಯಂತಿಗೆ ತಮ್ಮ ಊರುಗಳಲ್ಲಿ ಇಂಥ ರೂಪಕ ಆಡಿಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ: ಪಾತ್ರ ಹಂಚುವ ಮೊದಲು ಮಕ್ಕಳನ್ನು ಕೇಳಿ. ಆ ಅಜ್ಜ ಕೊಟ್ಟುಹೋದ ಉಳಿ ನನ್ನ ಬರೆಯುವ ಮೇಜಿನ ಮೇಲೆ, ಸಮಗ್ರ ವಚನ ಸಂಪುಟಗಳ ಪಕ್ಕದಲ್ಲಿದೆ. ಹಿಡಿಯುವುದನ್ನು ಇನ್ನೂ ಕಲಿಯುತ್ತಿದ್ದೇನೆ.